ಪೇಪರ್ ಮಿಲ್ಲಿನ ಕೊಳಚೆ ನೀರು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಮಿಲ್ಲಿನ ಕೆಳಗಿನ ಊರಿನ ರೈತರು, ಹೊಸದಾಗಿ ಇಟಿಪಿ ಕೆಲಸಕ್ಕೆ ಸೇರಿದ ಹುಡುಗರು, ಪ್ರಾಜೆಕ್ಟ್ ಮಾಡುವ ಡಿಪ್ಲೊಮಾ ವಿದ್ಯಾರ್ಥಿಗಳು, ಇವರೆಲ್ಲ ಕೇಳುವ ಪ್ರಶ್ನೆಗಳು ಇಲ್ಲಿವೆ. ಇಟಿಪಿ ಅಂದರೆ ಕಾರ್ಖಾನೆಯ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕ. ಮಿಲ್ಲಿನವರ ಬಾಯಲ್ಲೂ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾಗದದಲ್ಲೂ ಅದೇ ಹೆಸರು ಇರುವುದರಿಂದ ಇಲ್ಲೂ ಅದನ್ನೇ ಬಳಸಿದ್ದೇನೆ.

ಕಾಗದ ಮಾಡಲು ಇಷ್ಟೊಂದು ನೀರು ಯಾಕೆ ಬೇಕು?

ನಾರು ನೀರಿನಲ್ಲಿ ತೇಲಿಕೊಂಡು ಬಂದು ಜಾಲರಿಯ ಮೇಲೆ ಕೂತರೆ ಮಾತ್ರ ಹಾಳೆ ಆಗುತ್ತದೆ. ಪೇಪರ್ ಮೆಷಿನ್ನಿನ ಜಾಲರಿ ಮೇಲೆ ಬೀಳುವ ತಿಳಿ ಪಲ್ಪಿನಲ್ಲಿ, ಅಂದರೆ ನಾರಿನ ಗಂಜಿಯಲ್ಲಿ, ನೂರಕ್ಕೆ ಸುಮಾರು 99 ಭಾಗ ನೀರೇ. ಅದರ ಜೊತೆಗೆ ಮರ ಬೇಯಿಸಲು, ತೊಳೆಯಲು, ಬಿಳಿ ಮಾಡಲು ಬೇರೆ ನೀರು.

ದೊಡ್ಡ ಮಿಲ್ಲುಗಳಿಗೆ ನಮ್ಮ ದೇಶದ ಹಳೆಯ ನಿಯಮ ಒಂದು ಟನ್ ಕಾಗದಕ್ಕೆ 200 ಘನ ಮೀಟರ್ ವರೆಗೆ ಕೊಳಚೆ ನೀರು ಬಿಡಲು ಅವಕಾಶ ಕೊಟ್ಟಿತ್ತು. ಅಂದರೆ ಒಂದು ಟನ್ನಿಗೆ ಎರಡು ಲಕ್ಷ ಲೀಟರ್. ಈಗ ಚೆನ್ನಾಗಿ ನಡೆಯುವ ಮರದ ಮಿಲ್ಲುಗಳು 50 ಘನ ಮೀಟರಿನ ಆಸುಪಾಸಿಗೆ ಬಂದಿವೆ. ರದ್ದಿಯಿಂದ ಕ್ರಾಫ್ಟ್ ಪೇಪರ್ (ಪೆಟ್ಟಿಗೆಯ ಕಂದು ಕಾಗದ) ಮಾಡುವವರು 10ಕ್ಕಿಂತ ಕಡಿಮೆಯಲ್ಲೂ ನಡೆಸುತ್ತಾರೆ. ಹಾಳೆಯಿಂದ ಸೋರಿದ ನೀರನ್ನು ಚರಂಡಿಗೆ ಬಿಡದೆ ಮತ್ತೆ ಮತ್ತೆ ತಿರುಗಿಸಿದ್ದರಿಂದಲೇ ಇದು ಸಾಧ್ಯವಾಯಿತು.

ಎಲ್ಲ ಪೇಪರ್ ಮಿಲ್ಲಿನ ನೀರೂ ಒಂದೇ ಥರ ಇರುತ್ತದಾ?

ಇಲ್ಲ. ಒಂದು ಮಿಲ್ಲಿನ ಇಟಿಪಿ ನಕ್ಷೆಯನ್ನು ಇನ್ನೊಂದಕ್ಕೆ ಹಾಗೇ ಎತ್ತಿಕೊಂಡು ಹೋದವರು ಕೈ ಸುಟ್ಟುಕೊಂಡಿದ್ದಾರೆ.

ದಾಂಡೇಲಿಯಲ್ಲಿ ಕಾಳಿ ನದಿ ದಂಡೆಯ ಮಿಲ್ಲು 1959ರಲ್ಲಿ ಕಾಗದ ಮಾಡಲು ಶುರು ಮಾಡಿತು. ಅಲ್ಲಿ ಮರ ಬೇಯಿಸಿ ಪಲ್ಪ್ ಮಾಡುತ್ತಾರೆ. ಇಂಥ ಕಡೆ ಬರುವುದು ಮರದ ನಾರನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್, ಸೋಡಾ, ಬ್ಲೀಚಿಂಗಿನ ರಾಸಾಯನಿಕ. ನಂಜನಗೂಡಿನಲ್ಲಿ ರದ್ದಿ ಕಾಗದದಿಂದ ಪೆಟ್ಟಿಗೆಯ ಕಾಗದ ಮಾಡುವ ಮಿಲ್ಲಿದೆ. ರದ್ದಿಯಿಂದ ಬರುವುದು ಹಳೆ ಪೆಟ್ಟಿಗೆಯ ಗಂಜಿ ಅಂಟು, ಪುಡಿ ನಾರು, ಸುಣ್ಣದ ಅಂಶ, ರಾಶಿ ಪ್ಲಾಸ್ಟಿಕ್ ಚೂರು. ಕಬ್ಬಿನ ಸಿಪ್ಪೆ ಬಳಸುವ ಮಿಲ್ಲಾದರೆ ಸಿಪ್ಪೆ ತೊಳೆದ ನೀರಿನಲ್ಲಿ ಉಳಿದ ಸಕ್ಕರೆ ಅಂಶ ಬೇಗ ಹುಳಿ ಬರುತ್ತದೆ. ಕಚ್ಚಾ ಮಾಲು ಯಾವುದು ಅಂತ ಕೇಳದೆ ಇಟಿಪಿ ಬಗ್ಗೆ ಮಾತಾಡುವುದರಲ್ಲಿ ಅರ್ಥ ಇಲ್ಲ.

ಬ್ಲ್ಯಾಕ್ ಲಿಕ್ಕರ್ ಅಂದರೆ ಏನು? ಅದಕ್ಕೆ ಯಾಕೆ ಅಷ್ಟು ಹೆದರುತ್ತಾರೆ?

ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಹಾಕಿ ಡೈಜೆಸ್ಟರ್ ಅನ್ನುವ ದೊಡ್ಡ ಪಾತ್ರೆಯಲ್ಲಿ ಬೇಯಿಸುತ್ತಾರೆ. ನಾರನ್ನು ಹಿಡಿದುಕೊಂಡಿದ್ದ ಲಿಗ್ನಿನ್ ಕರಗಿ ಬರುತ್ತದೆ. ನಾರು ತೊಳೆದ ಮೇಲೆ ಉಳಿಯುವ ಕಪ್ಪು ದ್ರವವೇ ಬ್ಲ್ಯಾಕ್ ಲಿಕ್ಕರ್. ಒಂದು ಟನ್ ಪಲ್ಪಿಗೆ ಇದರಲ್ಲಿ ಸುಮಾರು ಒಂದೂವರೆ ಟನ್ ಘನ ಪದಾರ್ಥ ಕರಗಿರುತ್ತದೆ. ಕೈಗೆ ಬರುವ ಪಲ್ಪಿಗಿಂತ ಅದರಿಂದ ಹೊರಬರುವ ಕಸವೇ ಜಾಸ್ತಿ.

ಇದನ್ನು ಇಟಿಪಿಯಲ್ಲಿ ಶುದ್ಧ ಮಾಡಲು ಆಗುವುದಿಲ್ಲ. ಅದಕ್ಕೇ ಬೇರೆ ದಾರಿ ಹಿಡಿಯುತ್ತಾರೆ. ಸುಮಾರು 15 ಭಾಗ ಘನ ಪದಾರ್ಥ ಇರುವ ದ್ರವವನ್ನು ಸಾಲು ಸಾಲು ಇವಾಪರೇಟರಿನಲ್ಲಿ ಇಂಗಿಸಿ 65ರಿಂದ 70 ಭಾಗಕ್ಕೆ ತರುತ್ತಾರೆ. ಆಮೇಲೆ ರಿಕವರಿ ಬಾಯ್ಲರಿನಲ್ಲಿ ಸುಡುತ್ತಾರೆ. ಲಿಗ್ನಿನ್ ಉರಿದು ಹಬೆ, ಕರೆಂಟು ಸಿಗುತ್ತದೆ. ತಳದಲ್ಲಿ ಕರಗಿ ಇಳಿಯುವ ಸೋಡಾಕ್ಕೆ ಸುಣ್ಣ ಸೇರಿಸಿದರೆ ಮತ್ತೆ ಮರ ಬೇಯಿಸಲು ಬೇಕಾದ ಕಾಸ್ಟಿಕ್ ಬರುತ್ತದೆ. ಒಳ್ಳೆ ಮಿಲ್ಲಿನಲ್ಲಿ ರಾಸಾಯನಿಕದ 95 ಭಾಗಕ್ಕೂ ಹೆಚ್ಚು ಹೀಗೆ ವಾಪಸ್ ಸಿಗುತ್ತದೆ.

ನನ್ನ ದೃಷ್ಟಿಯಲ್ಲಿ ಪೇಪರ್ ಮಿಲ್ಲಿನ ಅತಿ ದೊಡ್ಡ ಮಾಲಿನ್ಯ ನಿಯಂತ್ರಣ ಯಂತ್ರ ಈ ಬಾಯ್ಲರೇ. ಇಟಿಪಿಗೆ ಎರಡನೇ ಸ್ಥಾನ. ಹುಲ್ಲು ಬೇಯಿಸುತ್ತಿದ್ದ ಸಣ್ಣ ಮಿಲ್ಲುಗಳಿಗೆ ಇಂಥ ಬಾಯ್ಲರ್ ಹಾಕಲು ದುಡ್ಡು ಇರಲಿಲ್ಲ. ಭತ್ತದ ಹುಲ್ಲಿನ ಸಿಲಿಕಾ ಪೈಪಿನಲ್ಲಿ ಗಟ್ಟಿ ಕಟ್ಟಿಕೊಳ್ಳುವ ತೊಂದರೆ ಬೇರೆ. ಅಂಥ ಎಷ್ಟೋ ಮಿಲ್ಲುಗಳು ಮುಚ್ಚಿದವು, ಇಲ್ಲವೇ ರದ್ದಿ ಕಾಗದಕ್ಕೆ ಬದಲಾದವು.

ಬಾಯ್ಲರ್ ಇದ್ದರೂ ಅಪಾಯ ಇದ್ದೇ ಇರುತ್ತದೆ. ಪಂಪಿನ ಸೀಲ್ ಹೋಗುತ್ತದೆ, ಟ್ಯಾಂಕ್ ತುಂಬಿ ಹರಿಯುತ್ತದೆ, ಯಾರೋ ತೊಳೆಯಲು ವಾಲ್ವ್ ತೆಗೆಯುತ್ತಾರೆ. ಅರ್ಧ ಗಂಟೆ ಚೆಲ್ಲಿದರೂ ಇಟಿಪಿ ವಾರಗಟ್ಟಲೆ ನರಳುತ್ತದೆ. ಹಾಗಾಗಿ ಪಲ್ಪ್ ಮಿಲ್ಲಿನ ಚರಂಡಿಯಲ್ಲೇ, ಕರಗಿದ ಉಪ್ಪಿನ ಅಂಶ ಏರಿದರೆ ತೋರಿಸುವ ಕಂಡಕ್ಟಿವಿಟಿ ಮೀಟರ್ ಇರಬೇಕು. ಚೆಲ್ಲಿದ್ದನ್ನು ಹಿಡಿದಿಟ್ಟು ಮತ್ತೆ ಇವಾಪರೇಟರಿಗೆ ಕಳಿಸಲು ಒಂದು ಖಾಲಿ ಟ್ಯಾಂಕ್ ಇರಬೇಕು. ಆ ಟ್ಯಾಂಕ್ ಯಾವಾಗಲೂ ಖಾಲಿ ಇರಬೇಕು ಅನ್ನುವುದೇ ಮುಖ್ಯ. ಜಾಗ ಇದೆ ಅಂತ ಅದರಲ್ಲಿ ಇನ್ನೇನನ್ನೋ ತುಂಬಿಸಿಟ್ಟರೆ ಬೇಕಾದ ದಿನ ಅದು ಉಪಯೋಗಕ್ಕೆ ಬರುವುದಿಲ್ಲ.

ಇಟಿಪಿಯೊಳಗೆ ನೀರು ಯಾವ ದಾರಿಯಲ್ಲಿ ಹೋಗುತ್ತದೆ?

ಮೊದಲು ಕಂಬಿ ಜಾಲರಿ. ಚಿಂದಿ, ಪ್ಲಾಸ್ಟಿಕ್, ಚಕ್ಕೆ ಅಲ್ಲಿ ನಿಲ್ಲುತ್ತವೆ. ಆಮೇಲೆ ಈಕ್ವಲೈಸೇಶನ್ ಟ್ಯಾಂಕ್. ಗಂಟೆಗೊಂದು ಥರ ಬರುವ ನೀರನ್ನು ಬೆರೆಸಿ ಒಂದೇ ಹದಕ್ಕೆ ತರುವುದು ಇದರ ಕೆಲಸ. ಪಿಎಚ್ (ಹುಳಿ, ಕ್ಷಾರದ ಮಟ್ಟ) ಸರಿ ಮಾಡುವುದೂ ಇಲ್ಲೇ. ನಂತರ ಪ್ರೈಮರಿ ಕ್ಲಾರಿಫೈಯರ್ ಅನ್ನುವ ದೊಡ್ಡ ದುಂಡು ತೊಟ್ಟಿ. ನಾರು, ಜೇಡಿ, ಸುಣ್ಣದ ಪುಡಿ ಇಲ್ಲಿ ತಳ ಸೇರುತ್ತವೆ.

ಮಿಲ್ಲಿನ ನೀರು ಬಿಸಿ ಇರುತ್ತದೆ. 38 ಡಿಗ್ರಿ ದಾಟಿದರೆ ಮುಂದಿನ ಹಂತದ ಸೂಕ್ಷ್ಮಜೀವಿಗಳಿಗೆ ಕಷ್ಟ. ಹಾಗಾಗಿ ಕೂಲಿಂಗ್ ಟವರ್ ಹಾಯಿಸಿ ತಣ್ಣಗೆ ಮಾಡುತ್ತಾರೆ.

ಮುಂದಿನದು ಏರೇಶನ್ ಟ್ಯಾಂಕ್, ಇಟಿಪಿಯ ಜೀವ. ಗಾಳಿ ಊದುತ್ತಾ ಇದ್ದರೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ನೀರಲ್ಲಿ ಕರಗಿದ ಕೊಳೆಯನ್ನು ತಿಂದು ಬೆಳೆಯುತ್ತವೆ. ಸೆಕೆಂಡರಿ ಕ್ಲಾರಿಫೈಯರಿನಲ್ಲಿ ಅವು ಕೆಸರಾಗಿ ತಳಕ್ಕೆ ಇಳಿಯುತ್ತವೆ, ಮೇಲೆ ತಿಳಿ ನೀರು ಹರಿಯುತ್ತದೆ. ಕೆಸರಿನ ಹೆಚ್ಚಿನ ಪಾಲನ್ನು ಮತ್ತೆ ಏರೇಶನ್ನಿಗೆ ಕಳಿಸುತ್ತಾರೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಊರ ಕೊಳಚೆಗೆ ಕಂಡುಕೊಂಡ ವಿಧಾನ ಇದು. ನೂರು ವರ್ಷ ದಾಟಿದರೂ ಬಹುಪಾಲು ಪೇಪರ್ ಮಿಲ್ಲುಗಳು ಇದರ ಮೇಲೇ ನಿಂತಿವೆ.

ಕೊನೆಗೆ, ಬೇಕಿದ್ದ ಕಡೆ, ಸಣ್ಣ ಕಣಗಳನ್ನು ಒಟ್ಟುಗೂಡಿಸುವ ಆಲಂ ಅಥವಾ ಪಾಲಿಮರ್ ಹಾಕಿ ಇನ್ನೊಮ್ಮೆ ತಿಳಿ ಮಾಡಿ ಮರಳಿನಲ್ಲಿ ಸೋಸುತ್ತಾರೆ.

ಬಿಒಡಿ, ಸಿಒಡಿ ಎರಡೂ ಯಾಕೆ? ಒಂದು ಸಾಲದಾ?

ಎರಡೂ ಕೊಳೆಯನ್ನು ಅದಕ್ಕೆ ಬೇಕಾಗುವ ಆಮ್ಲಜನಕದ ಲೆಕ್ಕದಲ್ಲಿ ಅಳೆಯುತ್ತವೆ. ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯನ್ನು ಬಿಒಡಿ ಹೇಳುತ್ತದೆ. ರಾಸಾಯನಿಕದಿಂದ ಸುಡಬಲ್ಲ ಎಲ್ಲವನ್ನೂ ಸಿಒಡಿ ಹೇಳುತ್ತದೆ. ಲಿಗ್ನಿನ್ ಬ್ಯಾಕ್ಟೀರಿಯಾಕ್ಕೆ ಬೇಡವಾದ ವಸ್ತು, ಹಾಗಾಗಿ ಪೇಪರ್ ಮಿಲ್ಲಿನಲ್ಲಿ ಈ ಎರಡರ ನಡುವಿನ ಅಂತರ ದೊಡ್ಡದು. ದೊಡ್ಡ ಮಿಲ್ಲುಗಳಿಗೆ ಲೀಟರಿಗೆ ಬಿಒಡಿ 30 ಮಿಲಿಗ್ರಾಂ, ಸಿಒಡಿ 350 ಮಿಲಿಗ್ರಾಂ ಅಂತ ಇಟ್ಟಿದ್ದೂ ಇದೇ ಕಾರಣಕ್ಕೆ. ಮಂಡಳಿ ಮಿಲ್ಲಿಗೆ ಕೊಡುವ ಒಪ್ಪಿಗೆ ಪತ್ರದಲ್ಲಿ ಇದಕ್ಕಿಂತ ಬಿಗಿ ಮಿತಿಯನ್ನೂ ಹಾಕಬಹುದು.

ನಮ್ಮ ದೇಶದಲ್ಲಿ ಬಿಒಡಿ ಪರೀಕ್ಷೆ 27 ಡಿಗ್ರಿಯಲ್ಲಿ ಮೂರು ದಿನ ನಡೆಯುತ್ತದೆ. ಸಿಒಡಿಗೆ ಎರಡು ಗಂಟೆ ಕುದಿಸಿದರೆ ಆಯಿತು. ದಿನದ ಕೆಲಸಕ್ಕೆ ಸಿಒಡಿಯನ್ನೇ ನಂಬಬೇಕು. ಬಿಒಡಿ ಫಲಿತಾಂಶ ಕೈಗೆ ಬರುವ ಹೊತ್ತಿಗೆ ಆ ನೀರು ನದಿ ಸೇರಿ ಎಷ್ಟು ದೂರ ಹೋಗಿರುತ್ತದೋ!

ಕೊಳಚೆ ನೀರಿಗೆ ಯೂರಿಯಾ, ಡಿಎಪಿ ಯಾಕೆ ಹಾಕುತ್ತಾರೆ? ಅದು ಇನ್ನಷ್ಟು ಮಾಲಿನ್ಯ ಅಲ್ವಾ?

ಲೆಕ್ಕ ತಪ್ಪಿದರೆ ಹೌದು. ಮರದಲ್ಲಿ ಸಾರಜನಕ, ರಂಜಕ ಬಹಳ ಕಡಿಮೆ. ಊರ ಚರಂಡಿಯಲ್ಲಿ ಅವು ತಾವಾಗೇ ಇರುತ್ತವೆ. ಪೇಪರ್ ಮಿಲ್ಲಿನ ನೀರಿಗೆ ಕೈಯಾರೆ ಕೊಡಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. 100 ಭಾಗ ಬಿಒಡಿಗೆ 5 ಭಾಗ ಸಾರಜನಕ, 1 ಭಾಗ ರಂಜಕ ಅನ್ನುವುದು ರೂಢಿಯ ಲೆಕ್ಕ.

ದಿನಕ್ಕೆ 1000 ಕೆಜಿ ಬಿಒಡಿ ಬರುತ್ತದೆ ಅಂದುಕೊಳ್ಳಿ. 50 ಕೆಜಿ ಸಾರಜನಕ, 10 ಕೆಜಿ ರಂಜಕ ಬೇಕು. 50 ಕೆಜಿ ಡಿಎಪಿ ಹಾಕಿದರೆ ರಂಜಕ 10 ಕೆಜಿ ಸಿಗುತ್ತದೆ, ಜೊತೆಗೆ 9 ಕೆಜಿ ಸಾರಜನಕವೂ ಬರುತ್ತದೆ. ಉಳಿದ 41 ಕೆಜಿಗೆ ಸುಮಾರು 90 ಕೆಜಿ ಯೂರಿಯಾ. ಇಷ್ಟೇ ಲೆಕ್ಕ. ನೀರಲ್ಲಿ ಮೊದಲೇ ಸ್ವಲ್ಪ ಸಾರಜನಕ ಇದ್ದರೆ ಅದನ್ನು ಕಳೆದು ಹಾಕಿ. ಹೊರಹೋಗುವ ನೀರಿನಲ್ಲಿ ಅಮೋನಿಯಾ, ಫಾಸ್ಫೇಟ್ ಎಷ್ಟು ಉಳಿದಿದೆ ಅಂತ ವಾರಕ್ಕೊಮ್ಮೆಯಾದರೂ ನೋಡಿ. ಜಾಸ್ತಿ ಉಳಿದರೆ ನದಿಯಲ್ಲಿ ಪಾಚಿ ಬೆಳೆಯುತ್ತದೆ.

ಸೊಸೈಟಿಯಿಂದ ರೈತರ ಸಬ್ಸಿಡಿ ಯೂರಿಯಾ ತಂದು ಸುರಿಯುವುದು ಕಾನೂನಿಗೆ ವಿರುದ್ಧ. ಕಾರ್ಖಾನೆಗೆ ಅಂತಲೇ ಬರುವ ಟೆಕ್ನಿಕಲ್ ಗ್ರೇಡ್ ಯೂರಿಯಾ ಕೊಳ್ಳಬೇಕು.

ಸೆಕೆಂಡರಿ ಕ್ಲಾರಿಫೈಯರಿನಲ್ಲಿ ಕೆಸರು ಕೂರುತ್ತಿಲ್ಲ, ನೀರಿನ ಜೊತೆ ತೇಲಿ ಹೋಗುತ್ತಿದೆ. ಏನು ಮಾಡಲಿ?

ಇಟಿಪಿ ಹುಡುಗರಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮೊದಲು ಒಂದು ಲೀಟರಿನ ಅಳತೆ ಜಾಡಿ ತಗೊಳ್ಳಿ. ಏರೇಶನ್ ಟ್ಯಾಂಕಿನ ನೀರನ್ನು ಅಂಚಿನವರೆಗೆ ತುಂಬಿ ಅಲುಗಾಡದ ಜಾಗದಲ್ಲಿ ಇಡಿ. ಅಲ್ಲೇ ನಿಂತು ನೋಡಿ, ಗಡಿಯಾರ ಇಟ್ಟು ಹೋಗಿಬಿಡಬೇಡಿ. ಆರೋಗ್ಯವಾಗಿದ್ದರೆ ಐದು ನಿಮಿಷದಲ್ಲೇ ಕಂದು ಹೂಗಳಂಥ ಮುದ್ದೆಗಳು ಒಂದಕ್ಕೊಂದು ಸೇರುತ್ತಾ ಇಳಿಯುತ್ತವೆ. ಕೆಸರಿಗೂ ನೀರಿಗೂ ನಡುವೆ ಗೀಟು ಎಳೆದ ಹಾಗೆ ಗಡಿ ಕಾಣುತ್ತದೆ, ಮೇಲಿನ ನೀರು ತಿಳಿಯಾಗಿರುತ್ತದೆ. ಅರ್ಧ ಗಂಟೆಗೆ ಕೆಸರು 300 ಮಿಲಿ ಗುರುತಿಗೆ ಇಳಿದು, ಟ್ಯಾಂಕಿನ ಕೆಸರು ಲೀಟರಿಗೆ 3 ಗ್ರಾಂ ಇದ್ದರೆ, ಭಾಗಿಸಿದಾಗ 100 ಬರುತ್ತದೆ. ಇದು ಒಳ್ಳೆ ಸಂಖ್ಯೆ. 150 ದಾಟಿದರೆ ಎಚ್ಚರಿಕೆ. ಅರ್ಧ ಗಂಟೆ ಆದರೂ ಜಾಡಿಯಲ್ಲಿ 800, 900 ಮಿಲಿ ಗುರುತಿನಲ್ಲೇ ನಿಂತಿದ್ದರೆ ಕೆಸರು ಉಬ್ಬಿದೆ ಅಂತ ಅರ್ಥ.

ಈಗ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ. ಉದ್ದ ದಾರದಂಥ ಬ್ಯಾಕ್ಟೀರಿಯಾ ಮುದ್ದೆಗಳ ನಡುವೆ ಹೆಣೆದುಕೊಂಡಿದ್ದರೆ ಕಾರಣ ಸಿಕ್ಕಿತು. ದಂಟಿನ ಮೇಲೆ ಗಂಟೆಯಾಕಾರದಲ್ಲಿ ಕೂತ ವೋರ್ಟಿಸೆಲ್ಲಾ, ಚಕ್ರದ ಹಾಗೆ ಬಾಯಿ ತಿರುಗಿಸುವ ರೋಟಿಫರ್ ಕಂಡರೆ ಟ್ಯಾಂಕ್ ಒಳ್ಳೆ ಸ್ಥಿತಿಯಲ್ಲಿದೆ. ಏನೂ ಓಡಾಡುತ್ತಿಲ್ಲ ಅಂದರೆ ವಿಷದ ಏಟು ಬಿದ್ದಿದೆ, ಹಿಂದಿನ ದಿನ ಪಲ್ಪ್ ಮಿಲ್ಲಿನಲ್ಲಿ ಏನು ಚೆಲ್ಲಿತು ಅಂತ ವಿಚಾರಿಸಿ.

ದಾರದ ಬ್ಯಾಕ್ಟೀರಿಯಾ ಹೆಚ್ಚಲು ಸಾಮಾನ್ಯ ಕಾರಣ ಮೂರು: ಸಾರಜನಕ ರಂಜಕ ಸಾಲದೆ ಹೋಗುವುದು, ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿಯುವುದು, ಹುಳಿ ಬಂದ ಹಳಸಿದ ನೀರು ಒಳಗೆ ಬರುವುದು. ಬ್ಲೀಚ್ ಹಾಕಿ ದಾರ ಕೊಲ್ಲುವವರಿದ್ದಾರೆ. ಅದು ಆ ವಾರಕ್ಕೆ ಸರಿ, ಕಾರಣ ಹುಡುಕದಿದ್ದರೆ ಮುಂದಿನ ತಿಂಗಳು ಮತ್ತೆ ಅದೇ ಪಾಡು.

ಹಸುವಿಗೆ ರಾತ್ರೋರಾತ್ರಿ ಮೇವು ಬದಲಾಯಿಸಿದರೆ ಹೊಟ್ಟೆ ಕೆಡುತ್ತದೆ, ಟ್ಯಾಂಕಿನ ಬ್ಯಾಕ್ಟೀರಿಯಾಕ್ಕೂ ಹಾಗೇ. ಮಿಲ್ಲು ಶಟ್‌ಡೌನ್ ಮುಗಿಸಿ ಶುರುವಾದ ದಿನ ಪೂರ್ತಿ ಲೋಡ್ ಒಮ್ಮೆಲೇ ಬಿಡಬೇಡಿ. ನಿಧಾನವಾಗಿ ಏರಿಸಿ.

ರಿಪೋರ್ಟಿನಲ್ಲಿ ಪಾಸ್ ಅಂತ ಇದೆ, ನೀರು ಮಾತ್ರ ಕಂದು ಬಣ್ಣದಲ್ಲೇ ಇದೆ. ಮೋಸ ಮಾಡುತ್ತಿದ್ದಾರಾ?

ಬಣ್ಣ ಒಂದರಿಂದಲೇ ಹಾಗೆ ಹೇಳಲಾಗದು. ಬಿಒಡಿ 90 ಭಾಗ ಇಳಿದರೂ ಲಿಗ್ನಿನ್ ಬಣ್ಣ ಹೆಚ್ಚು ಇಳಿಯುವುದಿಲ್ಲ, ಬ್ಯಾಕ್ಟೀರಿಯಾ ಅದನ್ನು ಮುಟ್ಟುವುದಿಲ್ಲ ಅಂದೆನಲ್ಲ. ಆದರೆ "ಬಣ್ಣ ತಾನೇ, ಏನೂ ಆಗಲ್ಲ" ಅನ್ನುವ ಮಿಲ್ಲಿನವರ ಮಾತನ್ನೂ ನಾನು ಒಪ್ಪುವುದಿಲ್ಲ. ಬಣ್ಣದ ನೀರಿನಲ್ಲಿ ಬಿಸಿಲು ಕೆಳಗೆ ಇಳಿಯುವುದಿಲ್ಲ, ನದಿಯೊಳಗಿನ ಸಸ್ಯಗಳಿಗೆ ಬೆಳಕು ಸಿಗುವುದಿಲ್ಲ. ದಂಡೆಯ ಜನ ಆ ನೀರಿಗೆ ಇಳಿಯಲು ಹಿಂಜರಿಯುತ್ತಾರೆ. ಆಲಂ ಹಾಕಿ ಬಣ್ಣ ಇಳಿಸಬಹುದು, ಕೆಸರಿನ ರಾಶಿ ಹೆಚ್ಚುತ್ತದೆ, ಖರ್ಚೂ ಹೆಚ್ಚುತ್ತದೆ. ಪಲ್ಪನ್ನು ಚೆನ್ನಾಗಿ ತೊಳೆದು ಬ್ಲ್ಯಾಕ್ ಲಿಕ್ಕರ್ ಮುಂದೆ ಹೋಗದಂತೆ ನೋಡಿಕೊಳ್ಳುವುದೇ ಅಗ್ಗದ ದಾರಿ.

ನೊರೆ ಬಂದರೆ ವಿಷ ಅಂತಲೇ?

ಹಾಗೇನಿಲ್ಲ. ಮರದ ರಾಳ, ಸೋಪಿನಂಥ ಅಂಶದಿಂದಲೂ ನೊರೆ ಬರುತ್ತದೆ. ಇದ್ದಕ್ಕಿದ್ದಂತೆ ಗಾಢ ಕಂದು ನೊರೆ ಎದ್ದರೆ ಬ್ಲ್ಯಾಕ್ ಲಿಕ್ಕರ್ ಸೋರಿರುವ ಸಾಧ್ಯತೆ ಜಾಸ್ತಿ.

ಎಒಎಕ್ಸ್ ಅಂತ ಕೇಳಿದ್ದೇವೆ. ಅದೇನು?

ಪಲ್ಪ್ ಬಿಳಿ ಮಾಡಲು ಕ್ಲೋರಿನ್ ಬಳಸಿದಾಗ ಉಳಿದ ಲಿಗ್ನಿನ್ ಜೊತೆ ಸೇರಿ ಹುಟ್ಟುವ ಕ್ಲೋರಿನ್ ಸಂಯುಕ್ತಗಳ ಒಟ್ಟು ಅಳತೆ. ಡಯಾಕ್ಸಿನ್ ಅನ್ನುವ ಘೋರ ವಿಷ ಕೂಡ ಈ ದಾರಿಯಲ್ಲೇ ಹುಟ್ಟುತ್ತದೆ. 1980ರ ದಶಕದಲ್ಲಿ ಅಮೆರಿಕದ ಮಿಲ್ಲುಗಳ ನೀರು, ಕೆಸರಿನಲ್ಲಿ ಅದು ಸಿಕ್ಕ ಮೇಲೆ ಜಗತ್ತಿನಾದ್ಯಂತ ಕ್ಲೋರಿನ್ ಬಿಡುವ ಒತ್ತಡ ಶುರುವಾಯಿತು. ನಮ್ಮಲ್ಲಿ ಕೈಗಾರಿಕೆಗಳ ಮಾಲಿನ್ಯ ತಗ್ಗಿಸಲು ಕೇಂದ್ರ ತಂದ 2003ರ ಸನ್ನದು ಒಂದು ಟನ್ ಕಾಗದಕ್ಕೆ ಎಒಎಕ್ಸನ್ನು ಮೊದಲು 1.5 ಕೆಜಿಗೆ, ಆಮೇಲೆ 1 ಕೆಜಿಗೆ ಇಳಿಸಬೇಕು ಅಂತ ಗುರಿ ಇಟ್ಟಿತು.

ಇದಕ್ಕೂ ಮದ್ದು ನೀರು ಇಟಿಪಿಗೆ ಬರುವ ಮೊದಲೇ ಇದೆ. ಬ್ಲೀಚಿಂಗಿಗೆ ಮೊದಲು ಆಮ್ಲಜನಕ ಹಾಯಿಸಿದರೆ ಉಳಿದ ಲಿಗ್ನಿನ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಕ್ಲೋರಿನ್ ಬದಲು ಕ್ಲೋರಿನ್ ಡೈಆಕ್ಸೈಡ್ ಬಳಸುತ್ತಾರೆ.

ಕೊಳಚೆಯಿಂದ ಗ್ಯಾಸ್ ಮಾಡಬಹುದು ಅಂತಾರೆ, ನಿಜವಾ?

ರದ್ದಿ ಮಿಲ್ಲಿನ ನೀರು, ಕಬ್ಬಿನ ಸಿಪ್ಪೆ ತೊಳೆದ ನೀರು ಇದಕ್ಕೆ ಹೇಳಿ ಮಾಡಿಸಿದಂತಿವೆ. 1970ರ ದಶಕದಲ್ಲಿ ನೆದರ್ಲೆಂಡ್ಸಿನ ಲೆಟಿಂಗಾ ಮತ್ತು ಸಂಗಡಿಗರು ರೂಪಿಸಿದ ಯುಎಎಸ್‌ಬಿ ರಿಯಾಕ್ಟರಿನಲ್ಲಿ ಗಾಳಿ ಇಲ್ಲದೆ ಬದುಕುವ ಬ್ಯಾಕ್ಟೀರಿಯಾ ಕೊಳೆ ತಿಂದು ಮೀಥೇನ್ ಬಿಡುತ್ತವೆ. ಒಂದು ಕೆಜಿ ಸಿಒಡಿ ತೆಗೆದರೆ ಹೆಚ್ಚೆಂದರೆ 0.35 ಘನ ಮೀಟರ್ ಮೀಥೇನ್. ಏರೇಶನ್ನಿಗೆ ಗಾಳಿ ಊದುವ ಬ್ಲೋವರಿನ ಕರೆಂಟು ಉಳಿಯುತ್ತದೆ, ಬಾಯ್ಲರಿಗೆ ಇಂಧನ ಸಿಗುತ್ತದೆ. ರದ್ದಿಯಿಂದ ಬರುವ ಸುಣ್ಣ ಪೈಪಿನಲ್ಲೂ, ಬ್ಯಾಕ್ಟೀರಿಯಾ ಕಾಳು ಕಾಳಾಗಿ ಸೇರಿಕೊಂಡ ಕೆಸರಿನಲ್ಲೂ ಗಟ್ಟಿ ಕಟ್ಟುತ್ತದೆ, ಅದೊಂದು ತಲೆನೋವು. ಆಮೇಲೆ ಏರೇಶನ್ ಹಂತ ಬೇಕೇ ಬೇಕು.

ಹೊರಗೆ ಒಂದು ಹನಿಯೂ ಬಿಡದೆ ಮಿಲ್ಲು ನಡೆಸಬಹುದಾ?

ಕಂದು ಕ್ರಾಫ್ಟ್ ಪೇಪರ್ ಮಾಡುವ ರದ್ದಿ ಮಿಲ್ಲು ನಡೆಸಬಹುದು, ನಡೆಸುತ್ತಿದ್ದಾರೆ. ನೀರು ಸುತ್ತಿದಷ್ಟೂ ಉಪ್ಪು, ಹುಳಿ ವಾಸನೆ, ಅಂಟು ಲೋಳೆ ಹೆಚ್ಚುತ್ತವೆ. ಕಾಗದಕ್ಕೇ ವಾಸನೆ ಹತ್ತುತ್ತದೆ. ಮರ ಬೇಯಿಸಿ ಬಿಳಿ ಕಾಗದ ಮಾಡುವ ಮಿಲ್ಲಿಗೆ ಕಷ್ಟ. ಬ್ಲೀಚಿಂಗಿನ ಕ್ಲೋರೈಡ್ ವಾಪಸ್ ಹೋದರೆ ರಿಕವರಿ ಬಾಯ್ಲರಿನ ಕೊಳವೆ ತಿಂದುಹಾಕುತ್ತದೆ. ಅಂಥವರು ಸೊನ್ನೆ ಅಂತ ಬೋರ್ಡ್ ಹಾಕಿದ್ದರೆ ನೀರಿನ ಲೆಕ್ಕ ಕೇಳಿ. ಒಳಗೆ ಹೋದದ್ದಕ್ಕೂ ಹಬೆಯಾಗಿ, ಕಾಗದದ ತೇವವಾಗಿ ಹೋದದ್ದಕ್ಕೂ ತಾಳೆ ಆಗಬೇಕು.

ಕೆಸರನ್ನು ಏನು ಮಾಡುತ್ತಾರೆ?

ಪ್ರೈಮರಿ ಕೆಸರಿನಲ್ಲಿ ನಾರು ಜಾಸ್ತಿ. ಹಿಂಡಿ ಒಣಗಿಸಿ ರಟ್ಟು, ಮೊಟ್ಟೆ ಟ್ರೇ ಮಾಡುವವರಿಗೆ ಮಾರುತ್ತಾರೆ. ಸೆಕೆಂಡರಿ ಕೆಸರು ನೀರು ಬಿಡುವುದೇ ಇಲ್ಲ, ಪ್ರೈಮರಿ ಜೊತೆ ಬೆರೆಸಿ ಹಿಂಡಿದರೆ ಸ್ವಲ್ಪ ಸಲೀಸು. ರದ್ದಿ ಮಿಲ್ಲಿನ ಪ್ಲಾಸ್ಟಿಕ್ ಚೂರನ್ನು ಸಿಮೆಂಟ್ ಗೂಡಿಗೆ ಕಳಿಸುವುದು ಸರಿಯಾದ ದಾರಿ. ಬಯಲಲ್ಲಿ ಸುಡುವುದನ್ನು ಕಂಡರೆ ದೂರು ಕೊಡಿ.

ಟ್ಯಾಂಕ್ ಶುದ್ಧ ಮಾಡಲು ಇಳಿಯುವಾಗ ಏನು ಎಚ್ಚರ ಬೇಕು?

ಕೆಲಸಗಾರರು ದಯವಿಟ್ಟು ಇದೊಂದನ್ನಾದರೂ ಪೂರ್ತಿ ಓದಿ. ಪಲ್ಪ್ ತೊಟ್ಟಿ, ಕೆಸರಿನ ಗುಂಡಿ, ಮುಚ್ಚಿದ ಚರಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಸೇರಿರುತ್ತದೆ. ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ. ಹತ್ತು ಲಕ್ಷಕ್ಕೆ 100 ಭಾಗದ ಹತ್ತಿರ ಬಂದರೆ ಮೂಗೇ ಕೆಲಸ ನಿಲ್ಲಿಸುತ್ತದೆ. ವಾಸನೆ ಹೋಯಿತು ಅಂದರೆ ಅಪಾಯ ಹೋಯಿತು ಅಂತ ಅಲ್ಲ, ಜಾಸ್ತಿ ಆಗಿರಬಹುದು. ಕೆಸರನ್ನು ಕೋಲಿನಿಂದ ಕಲಕಿದ ಕ್ಷಣದಲ್ಲೇ ಗ್ಯಾಸ್ ಎದ್ದು ಬರುತ್ತದೆ.

ಎಷ್ಟೋ ಸಾವುಗಳಲ್ಲಿ ಮೊದಲು ಬಿದ್ದವನನ್ನು ಎತ್ತಲು ಇಳಿದ ಎರಡನೆಯವನು, ಮೂರನೆಯವನೂ ಹೋಗಿದ್ದಾರೆ. ಗ್ಯಾಸ್ ಮೀಟರ್ ಇಳಿಬಿಟ್ಟು ಅಳೆಯದೆ, ಬ್ಲೋವರ್ ಹಾಕಿ ಗಾಳಿ ಆಡಿಸದೆ, ಎದೆ, ಭುಜ ಹಿಡಿಯುವ ಮೈ ಬೆಲ್ಟಿಗೆ (ಹಾರ್ನೆಸ್) ಹಗ್ಗ ಕಟ್ಟದೆ, ಮೇಲೆ ಒಬ್ಬರನ್ನು ನಿಲ್ಲಿಸದೆ ಯಾರೂ ಇಳಿಯಬಾರದು. ಕಾಂಟ್ರಾಕ್ಟರ್ ಅವಸರ ಮಾಡಿದರೂ "ಪರ್ಮಿಟ್ ಕೊಡಿ" ಅಂತ ಕೇಳಿ, ಅದು ನಿಮ್ಮ ಹಕ್ಕು. ಯಾರಾದರೂ ಬಿದ್ದರೆ ಉಸಿರಾಟದ ಸಿಲಿಂಡರ್ ಇಲ್ಲದೆ ಹಿಂದೆ ಹಾರಬೇಡಿ, ಹಗ್ಗ ಎಳೆಯಿರಿ.

ಶುದ್ಧ ಮಾಡಿದ ನೀರನ್ನು ಹೊಲಕ್ಕೆ ಹಾಯಿಸಬಹುದಾ?

ಹಾಯಿಸುವವರಿದ್ದಾರೆ. ತಮಿಳುನಾಡಿನ ಕರೂರು ಜಿಲ್ಲೆಯ ಟಿಎನ್‌ಪಿಎಲ್ ಮಿಲ್ಲು ಸಂಸ್ಕರಿಸಿದ ನೀರನ್ನು ಏತ ನೀರಾವರಿ ಸಂಘದ ಮೂಲಕ ರೈತರ ಹೊಲಗಳಿಗೆ ಕೊಡುತ್ತಿದೆ. ಆದರೆ ನೋಡಬೇಕಾದದ್ದು ಸೋಡಿಯಂ. ಅದು ಜಾಸ್ತಿ ಇದ್ದರೆ ಮಣ್ಣಿನ ಕಣ ಬಿಟ್ಟುಕೊಂಡು, ಒಣಗಿದ ಮೇಲೆ ಮೇಲ್ಪದರ ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ. ಎರೆ ಭೂಮಿಯಲ್ಲಿ ಈ ಅಪಾಯ ಹೆಚ್ಚು, ಮರಳು ಮಿಶ್ರಿತ ನೆಲದಲ್ಲಿ ಕಡಿಮೆ. ನೀರಿನ ಜೊತೆ ಮಣ್ಣಿನ ಪರೀಕ್ಷೆಯನ್ನೂ ವರ್ಷಕ್ಕೊಮ್ಮೆ ಮಾಡಿಸಿ, ಬೇಕಿದ್ದರೆ ಜಿಪ್ಸಂ ಹಾಕಿ. ಪಕ್ಕದ ಬಾವಿ ನೀರಿನ ರುಚಿ ಬದಲಾಯಿತು ಅಂದರೆ ಹಾಯಿಸುವುದನ್ನು ನಿಲ್ಲಿಸಿ.

ನಮ್ಮೂರ ನದಿಗೆ ಮಿಲ್ಲಿನ ನೀರು ಬರುತ್ತಿದೆ. ಯಾರನ್ನು ಕೇಳಬೇಕು?

ಕೇಳಿದರೆ ಏನಾದೀತು ಅಂತ ಸುಮ್ನೆ ಕೂರಬೇಡಿ. 1980ರ ದಶಕದಲ್ಲಿ ತುಂಗಭದ್ರೆಯ ದಂಡೆಯಲ್ಲಿ, ಕುಮಾರಪಟ್ಟಣದ ರೇಯಾನ್ ಪಲ್ಪ್ ಕಾರ್ಖಾನೆಯ ಮಾಲಿನ್ಯದ ವಿರುದ್ಧ ಊರಿನವರು ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಜೊತೆ ಸೇರಿ ವರ್ಷಗಟ್ಟಲೆ ಹೋರಾಡಿದರು.

ಮೊದಲು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಭಾಗದ ಕಚೇರಿಗೆ ಬರಹದಲ್ಲಿ ದೂರು ಕೊಡಿ. ದಿನ, ಹೊತ್ತು, ಜಾಗ, ಬಣ್ಣ, ವಾಸನೆ, ಸತ್ತ ಮೀನು, ಎಲ್ಲ ಬರೆಯಿರಿ, ಫೋಟೊ ಸೇರಿಸಿ. ರಾತ್ರಿ ಅಥವಾ ಮಳೆ ಸುರಿಯುವಾಗ ಬಿಡುತ್ತಾರೆ ಅನ್ನುವ ಅನುಮಾನ ಇದ್ದರೆ ಆ ಹೊತ್ತಿನ ಗುರುತು ಇಟ್ಟುಕೊಳ್ಳಿ. ನೀವು ಬಾಟಲಿಯಲ್ಲಿ ಹಿಡಿದಿಟ್ಟ ನೀರು ತೋರಿಸಲು ಉಪಯೋಗ. ಕೋರ್ಟಿನಲ್ಲಿ ನಿಲ್ಲುವುದು ಅಧಿಕಾರಿ ಕಾನೂನಿನಂತೆ ತೆಗೆದು ಸೀಲ್ ಮಾಡಿದ ಮಾದರಿ, ಅದಕ್ಕೇ ಅವರನ್ನು ಸ್ಥಳಕ್ಕೆ ಕರೆಸಬೇಕು. ಮಿಲ್ಲಿನ ಒಪ್ಪಿಗೆ ಪತ್ರ, ಹಿಂದಿನ ಪರೀಕ್ಷೆಯ ವರದಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಿರಿ. ಮಂಡಳಿ ಅಲುಗಾಡದಿದ್ದರೆ 1974ರ ಜಲ ಕಾಯ್ದೆಯ 49ನೇ ಕಲಂ ಪ್ರಕಾರ 60 ದಿನಗಳ ನೋಟಿಸ್ ಕೊಟ್ಟು ಯಾವ ನಾಗರಿಕನಾದರೂ ಕಾನೂನು ಕ್ರಮಕ್ಕೆ ಹೋಗಬಹುದು. ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ.